ತೋಟ ಅಗೆದದ್ದು ಯಾರು? ಮಣ್ಣು ಬಿದ್ದ ದಿಕ್ಕನ್ನು ನೋಡಿ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಕೆಳಗಿನ ಸಾಲುಗಳಲ್ಲಿ ಕಳೆದ ಕಾರ್ತಿಕದಲ್ಲಿ ಒಂದು ವಾರದೊಳಗೆ ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಗುಂಡಿಗಳು ಕಾಣಿಸಿಕೊಂಡವು. ಒಂದೊಂದೂ ಬೊಗಸೆಯಷ್ಟು ಅಗಲ, ಅಂಗೈ ಮುಳುಗುವಷ್ಟು ಆಳ, ಹೆಚ್ಚಿನವು ಮರದ ಬುಡದಿಂದ ಒಂದು ಮೊಳದ ಒಳಗೆ ಇದ್ದವು. ಕೆಲಸಕ್ಕೆ ಬಂದವರು ದೂರದಿಂದಲೇ ನೋಡಿ, "ಹಂದಿ ಮಾರಾಯ್ರೇ, ಇನ್ನೆಂಥದು" ಎಂದು ತೀರ್ಪು ಕೊಟ್ಟು ಸೋಗೆ ಎಳೆಯಲು ಹೋದರು. ಮಲೆನಾಡಿನಲ್ಲಿ ನೆಲ ಕೆದರಿದ್ದು ಕಂಡರೆ ಮೊದಲು ಬಾಯಿಗೆ ಬರುವ ಹೆಸರು ಅದೇ. ಆ ತೀರ್ಪು ಬಹಳ ಸಲ ಸರಿಯಾಗಿಯೂ ಇರುತ್ತದೆ. ಆದರೆ ತಪ್ಪಾದಾಗ, ಇಲ್ಲದ ಹಂದಿಗಾಗಿ ಬೇಲಿ ಕಟ್ಟಿ ದುಡ್ಡು ಕಳೆದುಕೊಳ್ಳುತ್ತೇವೆ, ನಿಜವಾಗಿ ಬಂದು ಹೋಗುವ ಪ್ರಾಣಿಗೆ ಆ ಬೇಲಿ ಲೆಕ್ಕಕ್ಕೇ ಇರುವುದಿಲ್ಲ.

ನಮ್ಮ ಭಾಷೆಯೂ ಈ ಗೊಂದಲಕ್ಕೆ ಸ್ವಲ್ಪ ಕಾರಣವೆನ್ನಬೇಕು. ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ ಎಂದು ಮೂರು ಪ್ರಾಣಿಗಳನ್ನು ನಾವು ಒಂದೇ ಮನೆತನದವರ ಹಾಗೆ ಕರೆಯುತ್ತೇವೆ. ಇವುಗಳಲ್ಲಿ ಹಂದಿಯ ಕುಲಕ್ಕೆ ಸೇರಿದ್ದು ಮೊದಲನೆಯದು ಮಾತ್ರ. ಮುಳ್ಳುಹಂದಿ ಇಲಿ, ಅಳಿಲುಗಳ ಹಾಗೆ ದಂಶಕ ವರ್ಗದ್ದು. ಚಿಪ್ಪುಹಂದಿಯಂತೂ ಹಲ್ಲೇ ಇಲ್ಲದ, ಇರುವೆ ಮತ್ತು ಗೆದ್ದಲು ತಿಂದು ಬದುಕುವ, ಬೇರೆಯೇ ವರ್ಗದ ಪ್ರಾಣಿ. ನಾಲ್ಕನೆಯ ಹಂದಿಯೊಂದೂ ಇದೆ: ಹೆಗ್ಗಣವನ್ನು ತೆಲುಗಿನವರು 'ಪಂದಿಕೊಕ್ಕು', ಎಂದರೆ ಹಂದಿ ಇಲಿ, ಎನ್ನುತ್ತಾರೆ. ಇಂಗ್ಲಿಷಿನ 'ಬ್ಯಾಂಡಿಕೂಟ್' ಹುಟ್ಟಿದ್ದು ಆ ಮಾತಿನಿಂದಲೇ. ಈ ನಾಲ್ಕೂ ನೆಲ ಅಗೆಯುತ್ತವೆ, ನಾಲ್ಕೂ ಹೆಚ್ಚಾಗಿ ರಾತ್ರಿಯಲ್ಲೇ ಓಡಾಡುತ್ತವೆ. ಆದರೆ ಒಂದೊಂದೂ ಬೇರೆ ಬೇರೆ ಹತ್ಯಾರಿನಿಂದ, ಬೇರೆ ಬೇರೆ ವಸ್ತುವನ್ನು ಹುಡುಕುತ್ತ ಅಗೆಯುತ್ತದೆ.

ಆದ್ದರಿಂದ ಗುಂಡಿಯ ಮುಂದೆ ನಿಂತಾಗ ಅದರ ಗಾತ್ರಕ್ಕಿಂತ ಮೊದಲು ನೋಡಬೇಕಾದದ್ದು ತೆಗೆದ ಮಣ್ಣು ಎತ್ತ ಬಿದ್ದಿದೆ ಎಂಬುದನ್ನು. ಮೂತಿಯಿಂದ ಅಗೆಯುವ ಪ್ರಾಣಿ ಮಣ್ಣನ್ನು ಮುಂದಕ್ಕೂ ಪಕ್ಕಕ್ಕೂ ಮಗುಚುತ್ತದೆ, ನೇಗಿಲಿನ ಹಾಗೆ. ಉಗುರಿನಿಂದ ಅಗೆಯುವ ಪ್ರಾಣಿ ಮುಂಗಾಲಿನಿಂದ ಮಣ್ಣನ್ನು ತನ್ನ ಹೊಟ್ಟೆಯ ಕೆಳಗೆ ಎಳೆದು ಹಿಂದಕ್ಕೆ ಎಸೆಯುವುದರಿಂದ ಗುಂಡಿಯ ಒಂದೇ ಮಗ್ಗುಲಲ್ಲಿ ಬೀಸಣಿಗೆಯ ಆಕಾರದಲ್ಲಿ ಮಣ್ಣು ಹರಡಿರುತ್ತದೆ. ಬಿಲದೊಳಗೆ ವಾಸಿಸುವ ಪ್ರಾಣಿ ಒಳಗಿನ ಮಣ್ಣನ್ನು ಹೊರಕ್ಕೆ ತಳ್ಳುವುದರಿಂದ ಬಾಯಿಯ ಎದುರಿಗೇ ಗುಡ್ಡೆ ಬೀಳುತ್ತದೆ. ಕೋಳಿ, ನವಿಲುಗಳು ಕೆದರಿದಲ್ಲಿ ಗುಂಡಿ ಎನ್ನುವಂಥದ್ದು ಆಗುವುದಿಲ್ಲ, ದರಕು, ಎಂದರೆ ಉದುರಿದ ಒಣ ಎಲೆ, ಎರಡೂ ಕಡೆ ಚದುರಿ ನೆಲ ಬರಿದಾಗಿ ಕಾಣುತ್ತದೆ. ಹೆಜ್ಜೆ ಗುರುತು ಸಿಕ್ಕದ ಗಟ್ಟಿ ನೆಲದಲ್ಲೂ, ಜಂಬಿಟ್ಟಿಗೆ ಮಣ್ಣಿನ ಧರೆಯಲ್ಲೂ, ಈ ಒಂದು ಲಕ್ಷಣ ಉಳಿದಿರುತ್ತದೆ.

ಕಾಡುಹಂದಿಯ ಕೆಲಸ ಗುಂಡಿಯಂತೆ ಕಾಣುವುದೇ ಇಲ್ಲ, ಉತ್ತ ಗದ್ದೆಯಂತೆ ಕಾಣುತ್ತದೆ. ಅದು ಸಾಮಾನ್ಯವಾಗಿ ಹಿಂಡಿನಲ್ಲಿ ಬರುವ ಪ್ರಾಣಿಯಾದ್ದರಿಂದ ಒಂದೇ ರಾತ್ರಿಯಲ್ಲಿ ಅಂಗಳದಷ್ಟು ಜಾಗ ಮಗುಚಿ ಬಿದ್ದಿರುತ್ತದೆ, ಹುಲ್ಲಿನ ಹೆಂಟೆಗಳು ಬೇರು ಮೇಲಾಗಿ ತಿರುಗಿರುತ್ತವೆ, ಸಣ್ಣ ಕಲ್ಲುಗಳು ತಮ್ಮ ಗೂಡಿನಿಂದ ಉರುಳಿರುತ್ತವೆ. ಎರೆಹುಳು, ಗಡ್ಡೆ, ಬೇರು, ಹುಳು ಯಾವುದಾದರೂ ಅದಕ್ಕೆ ಆಹಾರವೇ. ಬಾಳೆಯ ಹಿಂಡಿಲನ್ನು ಕಿತ್ತು ಗಡ್ಡೆಯನ್ನು ಅಗಿದು ಹಾಕಿದ್ದರೆ, ಕೆಸುವಿನ ಪಾತಿ ಪೂರ್ತಿ ಕಲಸಿಹೋಗಿದ್ದರೆ ಅನುಮಾನಕ್ಕೆ ಎಡೆ ಕಡಿಮೆ. ಹತ್ತಿರದ ಬಸಿಗಾಲುವೆಯ ಕೆಸರಿನಲ್ಲಿ ಹೊರಳಾಡಿದ ಗುರುತು, ಅಲ್ಲಿಂದ ಮುಂದಿನ ಮರದ ಬುಡದಲ್ಲಿ ಮೊಣಕಾಲು ಎತ್ತರಕ್ಕೆ ಉಜ್ಜಿ ಮೆತ್ತಿದ ಕೆಸರು, ಅದರಲ್ಲಿ ಸಿಕ್ಕಿಕೊಂಡ ಒರಟು ಕೂದಲು ಸಿಕ್ಕಿದರೆ ಸಾಕ್ಷಿ ಪೂರ್ಣವಾಯಿತು.

ಹೆಜ್ಜೆಯ ವಿಷಯದಲ್ಲಿ ಹಂದಿಯನ್ನು ಜಿಂಕೆಯ ಜಾತಿಯವುಗಳಿಂದ ಬೇರ್ಪಡಿಸುವುದಕ್ಕೆ ಹಿಂದಿನ ಎರಡು ಸಣ್ಣ ಗೊರಸುಗಳನ್ನು ನೋಡಬೇಕು. ಕಾಡುಕುರಿಗೂ ಕಡವೆಗೂ ಅವು ಇವೆ, ಆದರೆ ಕಾಲಿನಲ್ಲಿ ಮೇಲೆ ಇರುವುದರಿಂದ ಮೆತ್ತನೆಯ ಕೆಸರಿನಲ್ಲೋ ಜಿಗಿದಾಗಲೋ ಮಾತ್ರ ನೆಲಕ್ಕೆ ತಾಗುತ್ತವೆ. ಹಂದಿಯಲ್ಲಿ ಅವು ಕೆಳಗೆ, ಸ್ವಲ್ಪ ಹೊರಚಾಚಿ ಇರುವುದರಿಂದ ಸಾಧಾರಣ ನೆಲದಲ್ಲೂ ಮುಖ್ಯ ಗೊರಸಿನ ಗುರುತಿಗಿಂತ ಅಗಲವಾಗಿ, ಎರಡು ಚುಕ್ಕೆಗಳ ಹಾಗೆ ಮೂಡುತ್ತವೆ. ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಸಾಕು, ಕರುವಿನ ಹೆಜ್ಜೆಯನ್ನು ಹಂದಿಯದೆಂದು ಗಾಬರಿಪಡುವುದು ತಪ್ಪುತ್ತದೆ.

ಮುಳ್ಳುಹಂದಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ನನ್ನ ಅನುಭವದಲ್ಲಿ ಕಾಡುಹಂದಿಯ ತಲೆಗೆ ಕಟ್ಟುವ ಅಪವಾದಗಳಲ್ಲಿ ದೊಡ್ಡ ಪಾಲು ಇದರದ್ದೇ. ಇದು ಸದ್ದಿಲ್ಲದೆ ಒಂದೋ ಎರಡೋ ಬರುತ್ತದೆ, ಒಂದು ಗಿಡವನ್ನು ಗುರಿ ಇಟ್ಟು ಅದರ ಬುಡವನ್ನೇ ಅಗೆಯುತ್ತದೆ, ಪಕ್ಕದ ನೆಲವನ್ನು ಮುಟ್ಟುವುದಿಲ್ಲ. ಹಿತ್ತಿಲಿನ ಮರಗೆಣಸಿನ ಸಾಲಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಹಂದಿ ನುಗ್ಗಿದರೆ ಸಾಲೇ ಇರುವುದಿಲ್ಲ. ಮುಳ್ಳುಹಂದಿ ಬಂದರೆ ಗಿಡ ವಾಲಿಕೊಂಡು ನಿಂತಿರುತ್ತದೆ, ಬುಡದಲ್ಲಿ ಓರೆಯಾಗಿ ಇಳಿದ ಒಂದು ಗುಂಡಿ ಇರುತ್ತದೆ, ಗೆಣಸಿನ ಅರ್ಧ ಇನ್ನೂ ಮಣ್ಣಿನಲ್ಲೇ ಹೂತಿರುತ್ತದೆ.

ಅಂಥ ಅರ್ಧ ಗೆಣಸೊಂದನ್ನು ಕಿತ್ತು, ಬಾವಿಕಟ್ಟೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡಿ. ಬಿಳಿಯ ತಿರುಳಿನ ಮೇಲೆ ಬಡಗಿಯ ಉಳಿಯಿಂದ ಕೆತ್ತಿದಂತೆ ಜೋಡಿ ಜೋಡಿ ಗೀರುಗಳು ಒಂದರ ಪಕ್ಕ ಒಂದು ಸಾಲಾಗಿರುತ್ತವೆ, ನಡುವೆ ಕೂದಲೆಳೆಯಷ್ಟು ದಿಂಡು ಉಳಿದಿರುತ್ತದೆ. ಅದು ಎರಡು ಬಾಚಿಹಲ್ಲುಗಳ ನಡುವಿನ ಸಂದು. ಇಲಿ ಹೆಗ್ಗಣಗಳೂ ಇದೇ ರೀತಿಯ ಜೋಡಿ ಗೀರು ಬಿಡುತ್ತವೆ, ಆದರೆ ಅವುಗಳದ್ದು ಹೊಲಿಗೆ ಸೂಜಿಯಿಂದ ಗೀಚಿದ ಹಾಗೆ ಸಪೂರ. ಮುಳ್ಳುಹಂದಿಯದ್ದನ್ನು ಬೆರಳಿನ ಉಗುರು ಆಡಿಸಿಯೇ ಎಣಿಸಬಹುದು. ಹಂದಿ ಕಚ್ಚಿದ್ದಾದರೆ ಗೀರೇ ಇರುವುದಿಲ್ಲ, ಅಗಿದು ಜಜ್ಜಿದ ನಾರು ಇರುತ್ತದೆ. ಎಳೆಯ ಅಡಿಕೆ ಸಸಿ, ತೆಂಗಿನ ಸಸಿಗಳ ಬುಡವನ್ನು ಕಡಿದು ಒಳಗಿನ ಮೆತ್ತನೆಯ ಭಾಗ ತಿಂದು ಹೋದಾಗಲೂ, ಮರದ ಬುಡದ ತೊಗಟೆ ಕೆತ್ತಿದಾಗಲೂ ಇದೇ ಪರೀಕ್ಷೆ ಸಾಕು.

ಮುಳ್ಳು ಬಿದ್ದು ಸಿಕ್ಕರೆ ಪರೀಕ್ಷೆಯೇ ಬೇಡ. ಕಪ್ಪು ಬಿಳಿ ಪಟ್ಟೆಯ ಆ ಮುಳ್ಳನ್ನು ಅದು ಬಾಣದಂತೆ ಎಸೆಯುತ್ತದೆ ಎಂಬ ಮಾತು ಊರೂರಲ್ಲೂ ಇದೆ. ಎಸೆಯುವುದಿಲ್ಲ. ಮುಳ್ಳು ಎಂದರೆ ದಪ್ಪವಾದ ಕೂದಲೇ, ಸಡಿಲವಾಗಿ ನೆಟ್ಟಿರುವುದರಿಂದ ಬೇಲಿಯ ಸಂದಿಯಲ್ಲಿ ನುಸುಳುವಾಗಲೋ ನಾಯಿಗೆ ಹಿಂಬದಿಯಿಂದ ನುಗ್ಗುವಾಗಲೋ ಕಳಚಿಕೊಳ್ಳುತ್ತದೆ. ಹಿಕ್ಕೆ ಉದ್ದುದ್ದನೆಯದು, ಎರಡೂ ತುದಿ ಚೂಪಾದ ಖರ್ಜೂರದ ಬೀಜದ ಆಕಾರದ್ದು, ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಬಿಲ ದೊಡ್ಡದು, ಅದರ ಬಾಯಿಗೆ ನಡೆದು ನಡೆದು ಸವೆದ ದಾರಿ ಇರುತ್ತದೆ. ಬಿಲದ ಬಳಿ ದನದ ಮೂಳೆ, ಕಡವೆಯ ಉದುರಿದ ಕೊಂಬು ಬಿದ್ದಿರುವುದನ್ನು ಕಂಡು ಚಿರತೆಯ ಗವಿ ಎಂದು ಹೆದರಿದವರನ್ನು ನಾನು ಬಲ್ಲೆ. ಸೊಪ್ಪು ಗಡ್ಡೆ ತಿನ್ನುವ ಈ ಪ್ರಾಣಿ ಸುಣ್ಣದ ಅಂಶಕ್ಕಾಗಿ ಮೂಳೆಗಳನ್ನು ಹೊತ್ತು ತಂದು ಕಡಿಯುತ್ತದೆ. ಆ ಮೂಳೆಗಳ ಮೇಲೂ ಅದೇ ಜೋಡಿ ಗೀರು.

ಚಿಪ್ಪುಹಂದಿಯ ಗುಂಡಿ ಗಿಡದ ಬುಡದಲ್ಲಿ ಇರಬೇಕೆಂದಿಲ್ಲ, ಗಿಡ ಅದಕ್ಕೆ ಬೇಕಾದದ್ದೂ ಅಲ್ಲ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಹುತ್ತದ ಮಗ್ಗುಲಲ್ಲಿ, ಕೊಳೆತ ದಿಮ್ಮಿಯ ಕೆಳಗೆ, ಗೆದ್ದಲು ಅಥವಾ ಇರುವೆಯ ಗೂಡಿಗೆ ನೇರವಾಗಿ ಇಳಿದ ಅಚ್ಚುಕಟ್ಟಾದ ತೂತು ಅದು. ಮುಂಗಾಲಿನ ನಡುವಿನ ಮೂರು ಉಗುರುಗಳು ಉದ್ದವಾಗಿ ಬಲವಾಗಿರುವುದರಿಂದ ಗಟ್ಟಿ ಮಣ್ಣಿನ ಗೋಡೆಯಲ್ಲಿ ಅವುಗಳ ಗೀರು ಉಳಿಯುತ್ತದೆ. ಒಡೆದ ಗೂಡಿನೊಳಕ್ಕೆ ಅಂಟು ನಾಲಿಗೆಯನ್ನು ಚಾಚಿ ಹುಳುಗಳನ್ನು ಎಳೆದುಕೊಳ್ಳುತ್ತದೆ. ಸುತ್ತ ಯಾವ ಬೇರೂ ಕಡಿದಿರುವುದಿಲ್ಲ, ಯಾವ ಸಸಿಯೂ ಬಿದ್ದಿರುವುದಿಲ್ಲ. ಧೂಳಿನಲ್ಲಿ ಬಾಲ ಎಳೆದ ಗುರುತು ಕಾಣಬಹುದು. ಹಗಲು ಮಲಗುವ ಬಿಲ ಬೇರೆ ಇರುತ್ತದೆ, ಒಳಗಿರುವಾಗ ಅದರ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುವುದೂ ಉಂಟು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತೋಟದ ಅಂಚಿನಲ್ಲಿ ಚಿಪ್ಪುಹಂದಿಯ ಗುರುತು ಕಂಡರೆ ಅದನ್ನು ಊರಿಗೆಲ್ಲ ಸಾರಬೇಡಿ, ಬಿಲದ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಮ್ಮ ಉಗುರಿನಲ್ಲಿ ಇರುವ ವಸ್ತುವಿನಿಂದಲೇ ಆಗಿರುವ ಆ ಚಿಪ್ಪಿಗಾಗಿ ಕಳ್ಳಬೇಟೆ ನಡೆಯುತ್ತದೆ. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಪ್ರಪಂಚದ ಎಂಟೂ ಜಾತಿಯ ಚಿಪ್ಪುಹಂದಿಗಳ ದೇಶ ದೇಶಗಳ ನಡುವಿನ ವ್ಯಾಪಾರವನ್ನು ನಿಷೇಧಿಸಿತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದು ಇದೆ, ಬೇಟೆಯಾಡಿದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಗೆದ್ದಲು ತಿಂದು ಹೋಗುವ ಅದರಿಂದ ತೋಟಕ್ಕೆ ನಷ್ಟವೂ ಇಲ್ಲ.

ಹುತ್ತವೇ ಪೂರ್ತಿ ಒಡೆದು, ಹೆಂಟೆಗಳು ನಾಲ್ಕು ಮಾರು ದೂರ ಚೆಲ್ಲಿದ್ದರೆ ಅದು ಚಿಪ್ಪುಹಂದಿಯಲ್ಲ, ಕರಡಿ. ಶಿಕಾರಿಪುರ, ಭದ್ರಾವತಿ ಕಡೆಯ ಒಣ ಕಾಡಿನ ಅಂಚಿನವರಿಗೆ ಇದು ಹೊಸತಲ್ಲ. ಮೇಲಿನ ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ, ಆ ಸಂದಿನಿಂದಲೇ ಗೆದ್ದಲನ್ನು ಸದ್ದು ಮಾಡುತ್ತ ಹೀರಿಕೊಳ್ಳುತ್ತದೆ. ಅಂಥ ಹುತ್ತ ಹಸಿಯಾಗಿ ಒಡೆದಿದ್ದರೆ ಪರಿಶೀಲನೆಯನ್ನು ಅಲ್ಲಿಗೇ ಬಿಟ್ಟು ಮನೆಯ ದಾರಿ ಹಿಡಿಯುವುದು ಲೇಸು.

ಹೆಗ್ಗಣದ ಬಿಲ ಎಲ್ಲರಿಗೂ ಗೊತ್ತಿರುವುದೇ. ಮುಷ್ಟಿ ಹಿಡಿಸುವಷ್ಟು ಅಗಲದ ಬಾಯಿ, ಎದುರಿಗೆ ಪುಡಿ ಮಣ್ಣಿನ ಗುಡ್ಡೆ, ಸುತ್ತಮುತ್ತ ಇನ್ನೆರಡು ಬಾಯಿಗಳು. ಗದ್ದೆಯಂಚಿನ ಚಿಕ್ಕ ಜಾತಿಯ ಹೆಗ್ಗಣ ಬಾಯಿಯನ್ನು ಸಡಿಲ ಮಣ್ಣಿನಿಂದ ಮುಚ್ಚಿಟ್ಟು, ಒಳಗೆ ಭತ್ತದ ತೆನೆ ಕೂಡಿಟ್ಟಿರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಹೆಗ್ಗಣದ ವಾಸನೆ ಹಿಡಿದು ಊರನಾಯಿಯೋ ನರಿಯೋ ಆ ಬಿಲವನ್ನು ಅಗೆದಾಗ ಒಂದೇ ಗುಂಡಿಯಲ್ಲಿ ಎರಡು ಪ್ರಾಣಿಗಳ ಕೆಲಸ ಸೇರಿಕೊಳ್ಳುತ್ತದೆ: ಮೇಲೆ ಹಿಂದಕ್ಕೆ ಎಸೆದ ಒರಟು ಮಣ್ಣು, ಒಳಗೆ ನುಣುಪಾದ ಸುರಂಗ. ಇಷ್ಟು ದೊಡ್ಡ ಗುಂಡಿಯನ್ನು ಕಂಡು ಕಾಡುಪ್ರಾಣಿಯ ಕಥೆ ಕಟ್ಟುವ ಮೊದಲು ನಮ್ಮ ಮನೆಯ ನಾಯಿಯ ಮೂತಿಯಲ್ಲಿ ಕೆಮ್ಮಣ್ಣು ಮೆತ್ತಿದೆಯೇ ಎಂದು ನೋಡುವುದು ಒಳ್ಳೆಯದು. ಇನ್ನು ಬದುವಿನ ಅಂಚಿನಲ್ಲಿ ಸಣ್ಣ ತೂತು, ಅದರ ಬಾಯಿಗೆ ಉಂಡೆಯುಂಡೆಯಾಗಿ ಹಸಿ ಮಣ್ಣು ಇದ್ದರೆ ಅದು ಏಡಿ. ಗದ್ದೆಯ ನೀರು ರಾತ್ರೋರಾತ್ರಿ ಇಳಿದುಹೋಗುವುದಕ್ಕೆ ಅದೇ ಕಾರಣವಾಗಿರಬಹುದು.

ಹಗಲಿನಲ್ಲಿ ಅಗೆಯುವವರ ಪಟ್ಟಿ ಚಿಕ್ಕದು. ಉಡ ಅಗೆದಲ್ಲಿ ಹೆಜ್ಜೆಗಳ ನಡುವೆ ಬಾಲ ಎಳೆದ ಅಂಕುಡೊಂಕಿನ ಗೆರೆ ಇರುತ್ತದೆ, ಅದೂ ಮೊದಲ ಅನುಸೂಚಿಯ ಪ್ರಾಣಿ. ಕಾಡುಕೋಳಿ, ನವಿಲುಗಳ ವಿಷಯ ಆಗಲೇ ಹೇಳಿದೆ. ಮುಂಗುಸಿಯ ಕೆಲಸ ಬೊಗಸೆಯಷ್ಟು ಚಿಕ್ಕ ಗುಂಡಿ, ಉಗುರಿನಿಂದ ಬಗೆದದ್ದು, ಒಂದರಿಂದ ಒಂದಕ್ಕೆ ಅಲೆದಾಡಿದ ಹಾಗೆ ಚದುರಿದ್ದು. ಅಂಥದೇ ಚಿಕ್ಕ ಗುಂಡಿಯನ್ನು ಪುನುಗಿನ ಬೆಕ್ಕು ರಾತ್ರಿಯಲ್ಲಿ ಮಾಡುತ್ತದೆ. ಈ ಎರಡನ್ನು ಗುಂಡಿಯ ಆಕಾರದಿಂದ ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ, ಹೊತ್ತಿನಿಂದಲೇ ಬೇರ್ಪಡಿಸಬೇಕು.

ಹೊತ್ತನ್ನು ತಿಳಿಯಲು ಇಬ್ಬನಿಯಷ್ಟು ನಂಬಿಕಸ್ಥ ಸಾಕ್ಷಿ ಬೇರೆ ಇಲ್ಲ. ಕಾರ್ತಿಕದಿಂದ ಮಾಘದವರೆಗೆ ಬೆಳಿಗ್ಗೆ ಬೇಗ ತೋಟಕ್ಕೆ ಇಳಿದರೆ, ಎಸೆದ ಮಣ್ಣಿನ ಹರಳು ಇಬ್ಬನಿ ಕೂತ ಹುಲ್ಲಿನ ಮೇಲೆ ಬಿದ್ದು ಅಂಟಿಕೊಂಡಿದೆಯೇ, ಇಲ್ಲವೇ ಮಣ್ಣಿನ ಮೇಲೆಯೇ ಇಬ್ಬನಿ ಕೂತಿದೆಯೇ ಎಂದು ಬಗ್ಗಿ ನೋಡಬೇಕು. ಮೊದಲನೆಯದಾದರೆ ಪ್ರಾಣಿ ಬಂದದ್ದು ಬೆಳಗಿನ ಜಾವ, ಎರಡನೆಯದಾದರೆ ಸಂಜೆಯೋ ಅದಕ್ಕೂ ಮೊದಲೋ. ಬಿಲದ ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ ಕೆಲವು ದಿನಗಳಿಂದ ಅಲ್ಲಿ ಓಡಾಟವಿಲ್ಲ. ಮಳೆಗಾಲದಲ್ಲಿ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಆಗುಂಬೆ, ಹುಲಿಕಲ್ ಸೀಮೆಯ ಆಷಾಢದ ಮಳೆಗೆ ಹೆಜ್ಜೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ, ಆಗ ಹಲ್ಲಿನ ಗೀರು ಮತ್ತು ಮಗುಚಿದ ನೆಲ ಇವೆರಡನ್ನೇ ನಂಬಬೇಕು.

ಹೆಜ್ಜೆ ಬೇಕೆಂದರೆ ಹಿಡಿಯುವ ಉಪಾಯವಿದೆ. ಪ್ರಾಣಿ ಬರುವ ದಾರಿಯಲ್ಲಿ, ಬೇಲಿಯ ಸಂದಿಯಲ್ಲೋ ಸಂಕದ ತುದಿಯಲ್ಲೋ, ದರಕು ಗುಡಿಸಿ, ಜರಡಿ ಹಿಡಿದ ಮಣ್ಣನ್ನೋ ಒಲೆಯ ಬೂದಿಯನ್ನೋ ಎರಡು ಬೆರಳು ದಪ್ಪಕ್ಕೆ ಹರಡಿ, ಅಂಗೈಯಿಂದ ಸವರಿ ಮಟ್ಟ ಮಾಡಬೇಕು. ಬೆಳಿಗ್ಗೆ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರೆ ಅಳತೆ ಸಿಗುತ್ತದೆ, ಬಿಸಿಲು ಓರೆಯಾಗಿರುವಾಗ ತೆಗೆದರೆ ಗುರುತು ಎದ್ದು ಕಾಣುತ್ತದೆ. ಗೊರಸೋ ಪಂಜವೋ, ಪಂಜವಾದರೆ ಬೆರಳು ನಾಲ್ಕೋ ಐದೋ, ಉಗುರು ಮೂಡಿದೆಯೋ ಇಲ್ಲವೋ ಎಂಬಷ್ಟು ತಿಳಿದರೂ ಅರ್ಧ ಪ್ರಾಣಿಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ನಾಯಿ, ನರಿಗಳದ್ದು ನಾಲ್ಕು ಬೆರಳು, ಉಗುರು ಸಹಿತ. ಬೆಕ್ಕಿನ ಕುಲದ್ದು ನಾಲ್ಕು ಬೆರಳು, ಉಗುರಿಲ್ಲದೆ. ಮುಂಗುಸಿಯದ್ದು ಐದು, ಉದ್ದ ಉಗುರಿನ ಚುಕ್ಕೆಗಳೊಂದಿಗೆ. ಮುಳ್ಳುಹಂದಿ ಪೂರ್ತಿ ಅಂಗಾಲು ಊರಿ ನಡೆಯುವುದರಿಂದ ಅದರ ಹಿಂಗಾಲಿನ ಗುರುತು ಎಳೆಯ ಮಗುವಿನ ಪಾದವನ್ನು ನೆನಪಿಸುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ, ಒಂದು ಉರುಳು ಒಡ್ಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಬಿದ್ದದ್ದು, ಸಿಡಿಮದ್ದಿನ ಉಂಡೆಗೆ ಮೇಯುವ ದನದ ಬಾಯಿ ಹರಿದದ್ದು ಮಲೆನಾಡಿಗೆ ಹೊಸ ಸುದ್ದಿಯಲ್ಲ. ಬೇಲಿಗೆ ನೇರವಾಗಿ ಮನೆಯ ಕರೆಂಟು ಕೊಟ್ಟರೆ ಮೊದಲು ಸಾಯುವುದು ಮನುಷ್ಯರೇ. ಇವೆಲ್ಲ ಅಪರಾಧ ಎಂಬುದು ಒಂದು ಕಡೆಯಾದರೆ, ಅಗೆದದ್ದು ಹಂದಿಯೇ ಅಲ್ಲದಿದ್ದರೆ ನಿಷ್ಫಲ ಎಂಬುದು ಇನ್ನೊಂದು ಕಡೆ. ಮುಳ್ಳುಹಂದಿ ನರ್ಸರಿಗೆ ಬರುತ್ತಿದ್ದರೆ ಒಂದಡಿ ನೆಲದೊಳಗೆ ಹೂತ ಗಟ್ಟಿ ಜಾಲರಿ ಬೇಕು, ಹಂದಿಗೆಂದು ಕಟ್ಟಿದ ಹಳೆ ಸೀರೆಯ ಬೇಲಿಯ ಕೆಳಗೆ ಅದು ತಲೆ ತಗ್ಗಿಸದೆ ನುಸುಳುತ್ತದೆ.

ನಮ್ಮ ತೋಟದ ಇಪ್ಪತ್ತು ಗುಂಡಿಗಳಿಗೆ ಮರಳಿ ಬರುತ್ತೇನೆ. ಮಣ್ಣು ಒಂದೇ ಮಗ್ಗುಲಿಗೆ ಎಸೆದಿತ್ತು, ಆದ್ದರಿಂದ ಮೂತಿಯ ಕೆಲಸವಲ್ಲ. ಬೇರು ಕಡಿದಿರಲಿಲ್ಲ, ಆದ್ದರಿಂದ ಹಲ್ಲಿನ ಕೆಲಸವೂ ಅಲ್ಲ. ಸಂಜೆ ಎಲ್ಲ ಗುಂಡಿಗಳನ್ನು ಕಾಲಿನಿಂದ ಮುಚ್ಚಿ ಬಂದೆ. ಬೆಳಿಗ್ಗೆ ಹೋದಾಗ ಹೊಸದೊಂದೂ ಇರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಹೋದಾಗ ನಾಲ್ಕು ಇದ್ದವು. ಮೂರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಬಸಿಗಾಲುವೆಯ ಆಚೆ ಕೂತು ಕಾದೆ. ಕೆಂಗಂದು ಮೈಯ, ಕಿವಿಯ ಹಿಂದಿನಿಂದ ಭುಜದವರೆಗೆ ಕಪ್ಪು ಪಟ್ಟಿ ಇಳಿದ, ಬಾಲದ ತುದಿ ಕಪ್ಪಾದ ದೊಡ್ಡ ಮುಂಗುಸಿಯೊಂದು ಏಲಕ್ಕಿ ಹಿಂಡಿನ ಸಂದಿನಿಂದ ಬಂತು. ಊರಿನ ಅಂಚಿನಲ್ಲಿ ಕಾಣುವ ಬೂದು ಮುಂಗುಸಿಯಲ್ಲ, ಪಶ್ಚಿಮ ಘಟ್ಟದ ಕಾಡಿನ ಜಾತಿಯದು. ಮೂಗನ್ನು ನೆಲಕ್ಕೆ ಹಚ್ಚಿ ಮರದಿಂದ ಮರಕ್ಕೆ ಹೋಯಿತು, ಒಂದು ಕಡೆ ನಿಂತು ಎರಡೂ ಮುಂಗಾಲಿನಿಂದ ಬರಬರನೆ ಬಗೆಯಿತು, ಏನನ್ನೋ ಎತ್ತಿ ತಲೆ ಕೊಡವಿ ನುಂಗಿತು.

ಅದು ಹೋದ ಮೇಲೆ ಗುಂಡಿಯ ಪಕ್ಕದ ಮರದ ಬುಡವನ್ನು ನಾನೇ ಗುದ್ದಲಿಯಿಂದ ಕೆದಕಿದೆ. ಅಡಿಯೊಳಗೆ, ಬೇರಿನ ಗುಂಜಿನ ನಡುವೆ, ಕಂದು ತಲೆಯ, ಬಿಳಿಯ ಮೈಯ, ಕುಡುಗೋಲಿನಂತೆ ಬಾಗಿಕೊಂಡ ಐದು ಬೇರುಹುಳುಗಳು ಸಿಕ್ಕಿದವು. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಮುಸ್ಸಂಜೆಯಲ್ಲಿ ನೆಲದಿಂದ ಏಳುವ ಕಂದು ದುಂಬಿಯ ಮರಿಗಳು ಇವು. ಅಡಿಕೆಯ ಬೇರನ್ನೇ ತಿಂದು ಬೆಳೆಯುತ್ತವೆ, ಗರಿ ಹಳದಿಯಾಗಿ ಮರ ಸೊರಗುವವರೆಗೆ ಮೇಲಿನಿಂದ ಏನೂ ತಿಳಿಯುವುದಿಲ್ಲ. ಕೆಳಗಿನ ಸಾಲಿನ ಗರಿಗಳು ಎರಡು ವರ್ಷದಿಂದ ಹಳದಿಯಾಗುತ್ತಿದ್ದುದಕ್ಕೆ ನಾವು ಬಸಿಗಾಲುವೆ ಹೂಳು ತುಂಬಿದ್ದೇ ಕಾರಣ ಎಂದು ಕೂತಿದ್ದೆವು. ಗುಂಡಿ ಇದ್ದ ಮರಗಳನ್ನೆಲ್ಲ ಸುಣ್ಣದ ಗುರುತು ಹಾಕಿ ಎಣಿಸಿದಾಗ ಹದಿನೇಳು ಆದವು. ಈ ಜ್ಯೇಷ್ಠದಲ್ಲಿ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಆ ಹದಿನೇಳು ಮರಗಳ ಸುತ್ತ ಬ್ಯಾಟರಿ ಹಿಡಿದು ನಿಂತು ದುಂಬಿ ಹಿಡಿಯಬೇಕಾಗಿದೆ.